ಮೊದಲು ನಾಲಿಗೆ

ಬೆರಳದ್ದಿ ಮೊದಲು ನಾಲಿಗೆಗೆ ಮುಟ್ಟಿಸಿದೆ.
ಉಪ್ಪಾದರೆ ತಳ ಬಿರಿದಿದೆ, ಆ ಕಥೆಯೇ ಬೇರೆ.
ಸಪ್ಪೆ.
ಅಂದರೆ ನಿನ್ನೆ ರಾತ್ರಿ ಸುರಿದದ್ದು,
ವರ್ಷಕ್ಕೆ ನಾಲ್ಕೇ ದಿನ ಬರುವ ನೆಂಟ,
ಕದ ತಟ್ಟದೆ ಒಳಗೆ ಬಂದು
ನೇರ ಹಾಸಿಗೆಯ ಮೇಲೇ ಕೂತಿದ್ದಾನೆ.

ರಾಸ್ ಅಲ್ ಖೈಮಾದ ಖೋರಿನಲ್ಲಿ ಕಟ್ಟಿರುವ
ಇಪ್ಪತ್ತೆರಡು ಅಡಿಯ ಹಾಯಿದೋಣಿ ನನ್ನದು.
ಊರಿಗೆ ಹೊರಟಿದ್ದ ಡಚ್ಚನೊಬ್ಬ
ಹಳೇ ಕಾರಿನ ಬೆಲೆಗೆ ಕೊಟ್ಟುಹೋದ.
ಸೋರುತ್ತದೆಯೇ ಎಂದು ಕೇಳಿದ್ದೆ.
ಇಲ್ಲಿ ಮಳೆಯೆಲ್ಲಿದೆ ಎಂದಿದ್ದ.
ಅದು ಉತ್ತರವಲ್ಲವೆಂದು
ನನಗೆ ಹೊಳೆದದ್ದು ಈ ಜನವರಿಯಲ್ಲಿ.

"ನೀರು ಕಂಡಲ್ಲಿ ತೂತು ಇರುವುದಿಲ್ಲ,
ಅಷ್ಟು ಕಲಿತರೆ ಅರ್ಧ ಕಲಿತ ಹಾಗೆ,"
ಅಂದರು ಬಂದರಿನ ಬದಿಯಲ್ಲಿ ಹಗ್ಗ, ಕೊಕ್ಕೆ, ಮೊಳೆ ಮಾರುವ
ಭಟ್ಕಳದ ಅಶ್ಫಾಕ್ ದಾಮೂದಿ.
"ಎಡಕ್ಕೆ ಹೊಕ್ಕು ಬಲಕ್ಕೆ ಅಳ್ತದೆ ಮಾರಾಯ್ರೆ.
ಪಟ್ಟಿ ಹಿಡಿದು ನಡೀತದೆ, ವಯರಿನ ಮೇಲೆ ಜಾರ್ತದೆ,
ಸುಸ್ತಾದಲ್ಲಿ ಮಾತ್ರ ತೊಟ್ಟಿಕ್ಕುವುದು."
ಮಕ್ಕಳ ಪೌಡರಿನ ಡಬ್ಬಿಯೊಂದನ್ನು ಕೈಗಿಟ್ಟರು,
ದುಡ್ಡು ಮುಟ್ಟಲಿಲ್ಲ.

ರಜೆಯ ದಿನ. ಒಳಗಿದ್ದದ್ದೆಲ್ಲ ಹೊರಗೆ:
ದಿಂಬು, ಲೈಫ್ ಜಾಕೆಟ್, ಮೆತ್ತಗಾದ ನಕಾಶೆ,
ಬೂಸ್ಟು ಹಿಡಿದ ಅವಲಕ್ಕಿ, ಒಂಟಿ ಚಪ್ಪಲಿ.
ಗೋಡೆಯ ರೆಕ್ಸಿನ್ ಸುಲಿದು, ಹಳೇ ಲುಂಗಿಯಲ್ಲಿ ಒರೆಸಿ,
ಹೇರ್ ಡ್ರೈಯರಿನಿಂದ ಒಣಗಿಸಿ
(ಹೆಂಡತಿಯದು, ಹೇಳದೆ ತಂದದ್ದು)
ಸಂದುಸಂದಿಗೂ ಪೌಡರ್ ಉದುರಿಸಿದೆ.
ದೋಣಿ ತುಂಬ ಎಳೆಕೂಸಿನ ವಾಸನೆ.

ಮೇಲೆ ಅಶ್ಫಾಕ್, ಕೈಯಲ್ಲಿ ಪೈಪು.
ಕೆಳಗೆ ನಾನು, ಟಾರ್ಚು ಹಿಡಿದು ಅಂಗಾತ.
"ಕಿಟಕಿ!" ಎಂದು ಕೂಗುತ್ತಾರೆ. ಹತ್ತು ನಿಮಿಷ ಕಿಟಕಿ.
ಒಣ.
"ಕೂವೆಮರದ ಬುಡ!"
ಒಣ.
"ಮುಚ್ಚಳದ ರಬ್ಬರು!"
ಒಂದು ಹನಿ. ಅದು ನನ್ನ ಹಣೆಯ ಬೆವರು.

ಪೈಪಿನ ಈ ನೀರೂ ಹೋದ ವಾರ ಕಡಲಾಗಿತ್ತು.
ನನ್ನ ಪ್ಲಾಂಟಿನಲ್ಲಿ ಉಪ್ಪು ಕಳಚಿಟ್ಟು ನಲ್ಲಿಗೆ ಬಂದದ್ದು.
ಹನ್ನೆರಡು ವರ್ಷದಿಂದ ಅದೇ ನನ್ನ ಅನ್ನ:
ಸಮುದ್ರವನ್ನು ಸೋಸುವುದು, ಸೋರದಂತೆ ಕಳಿಸುವುದು.
ಇಂಥವನ ದೋಣಿ ಹೀಗೆ ಎಂದು
ಅಲ್ಲಿ ಯಾರಿಗೂ ಹೇಳಿಲ್ಲ.

ಮಧ್ಯಾಹ್ನ. ಮಳೆ ತೊಳೆದ ಹಜರ್ ಬೆಟ್ಟಗಳು
ನಾಲ್ಕು ಹೆಜ್ಜೆ ಹತ್ತಿರ ಬಂದು ನಿಂತಿವೆ.
ಡಚ್ಚನನ್ನು ಬೈದೆ. ಕಿಟಕಿ ಕೂರಿಸಿದವನನ್ನು ಬೈದೆ.
ಫೈಬರ್ ಕಂಡುಹಿಡಿದವನನ್ನೂ ಬಿಡಲಿಲ್ಲ.
ಪೈಪು ಎಡಬದಿಗೆ ಸರಿಯಿತು.
ಬಿಳಿಯ ಮೇಲೆ, ಮೆಲ್ಲಗೆ,
ಇರುವೆ ನಡೆದಷ್ಟು ಸಣ್ಣ ಗೆರೆ.

"ಅಲ್ಲೇ! ನಿಲ್ಲಿಸಿ! ಏನುಂಟು ಅಲ್ಲಿ?"

ಸ್ವಲ್ಪ ಹೊತ್ತು ನೀರಿನ ಸದ್ದು ಮಾತ್ರ.
"ಗಾಳದ ಕೋಲು ಸಿಕ್ಕಿಸುವ ಸ್ಟ್ಯಾಂಡು. ನಾಲ್ಕು ಸ್ಕ್ರೂ.
ಒಂದಕ್ಕೆ ವಾಷರೇ ಇಲ್ಲ.
ಯಾವ ಪುಣ್ಯಾತ್ಮ ಹೊಡೆದನೋ."

ಹೋದ ಬೇಸಿಗೆ, ಮಗಳು ರಜೆಗೆ ಬಂದಿದ್ದಾಗ,
ಕಡ ತಂದ ಡ್ರಿಲ್ಲಿನಲ್ಲಿ.
ಅವಳಿಗೆ ಮೀನು ಹಿಡಿಯಬೇಕಿತ್ತು.
ನಾಲ್ಕನೇ ವಾಷರ್ ಬೆರಳಿಂದ ಜಾರಿ ಖೋರಿಗೆ ಬಿತ್ತು,
ಅವಳು ನಕ್ಕಳು, ಇರಲಿ ಬಿಡು ಅಂದೆ.
ಅದಕ್ಕೂ ಹಿಂದಿನ ಜನವರಿ
ದೋಣಿಯೊಳಗೆ ಒಂದು ತೊಟ್ಟೂ ಇರಲಿಲ್ಲ.

"ಆ ಡಚ್ಚನೇ ಇರಬೇಕು," ಎಂದು ಕೆಳಗಿಂದ ಕೂಗಿದೆ.

ಅಶ್ಫಾಕ್ ಸ್ಕ್ರೂ ಬಿಚ್ಚಿ, ಅಂಗಿಗೆ ಒರೆಸಿ,
ಬೆಳಕಿಗೆ ಹಿಡಿದು ತಿರುಗಿಸಿದರು.
"ನನ್ನ ಅಂಗಡಿಯದೇ," ಅಂದರು. "ಹೊಳೀತಾ ಉಂಟು."
ಮತ್ತೇನೂ ಕೇಳಲಿಲ್ಲ.
ತೂತಿಗೆ ಅಂಟು ತುಂಬಿ,
ವಾಷರ್ ಹಾಕಿ, ಮೂರು ಸುತ್ತು ಬಿಗಿದು,
ಮೇಲಿಂದ ಹೆಬ್ಬೆರಳು ಒತ್ತಿ ಹಿಡಿದೇ ನಿಂತರು,
ಮಗುವಿನ ಗಾಯಕ್ಕೆ ಹಿಡಿದ ಹಾಗೆ.

ಪೈಪಿಗೆ ಈಗ ಸೋರುವುದಿಲ್ಲ.
ಆದರೆ ಪೈಪು ಮಳೆಯಲ್ಲ, ಅದಕ್ಕೆ ಗಾಳಿಯಿಲ್ಲ,
ಓರೆಯಾಗಿ ಬೀಳಲು ಬರುವುದಿಲ್ಲ.
ಖಾತ್ರಿಯಾಗಲು ಮೋಡವೇ ಬರಬೇಕು,
ಅಂದರೆ ಇನ್ನು ಹತ್ತು ತಿಂಗಳು.
ಎಡಬದಿಯ ಪೌಡರನ್ನು ಒರೆಸದೆ ಬಿಟ್ಟಿದ್ದೇನೆ.
ಮನೆಯಲ್ಲಿ ಡ್ರೈಯರ್ ಎಲ್ಲಿ ಹೋಯಿತೆಂದು
ಇವತ್ತೂ ಹುಡುಕಾಟ ನಡೆದಿದೆ.
ನಾನೂ ಹುಡುಕುತ್ತಿದ್ದೇನೆ.